ಸ್ಟೂಡೆಂಟ್ ವೀಸಾ ಹಾಕುವ ಮುಂಚೆಯೇ ಕೆಲಸದ ವೀಸಾದ ಲೆಕ್ಕ ಹಾಕಿ

"ಓದು ಮುಗಿದ ಮೇಲೆ ಅಲ್ಲೇ ಎಷ್ಟು ದಿನ ಕೆಲಸ ಮಾಡಬಹುದು?" ಈ ಪ್ರಶ್ನೆ ನನಗೆ ವಾರಕ್ಕೆ ಒಂದಾದರೂ ಬರುತ್ತದೆ. ಬೇಜಾರಿನ ವಿಷಯ ಏನೆಂದರೆ, ಕೇಳುವವರಲ್ಲಿ ಹೆಚ್ಚಿನವರು ಆಗಲೇ ಕೊನೆಯ ಸೆಮಿಸ್ಟರ್‌ನಲ್ಲಿ ಇರುತ್ತಾರೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಇದಕ್ಕೆ ಉತ್ತರ ಬಹುಪಾಲು ತೀರ್ಮಾನವಾಗುವುದು ಕಾಲೇಜಿಗೆ ಅರ್ಜಿ ತುಂಬಿದ ದಿನವೇ. ಯಾವ ದೇಶ, ಯಾವ ಕೋರ್ಸ್, ಎಷ್ಟು ತಿಂಗಳ ಕೋರ್ಸ್, ಯಾವ ಸಂಸ್ಥೆ ಎಂಬ ನಾಲ್ಕು ವಿಷಯಗಳು ಸೇರಿ ನಿಮ್ಮ ಮುಂದಿನ ವೀಸಾವನ್ನು ಆಗಲೇ ಅರ್ಧ ಬರೆದಿಟ್ಟಿರುತ್ತವೆ.

ಹಾಗಾಗಿ ಈ ಲೇಖನದಲ್ಲಿ ಎರಡು ವೀಸಾಗಳನ್ನೂ ಒಂದೇ ಯೋಜನೆಯಾಗಿ ನೋಡೋಣ. ಒಂದು, ಓದಲು ಹೋಗುವ ವೀಸಾ. ಇನ್ನೊಂದು, ಪದವಿ ಸಿಕ್ಕ ಮೇಲೆ ಕೆಲವು ಕಾಲ ಅಲ್ಲೇ ಉಳಿದು ಕೆಲಸ ಹುಡುಕಲು, ಮಾಡಲು ಸಿಗುವ ಅನುಮತಿ. ಎರಡನೆಯದನ್ನು 'ಪೋಸ್ಟ್ ಸ್ಟಡಿ ವರ್ಕ್' ಎಂದು ಕರೆಯುತ್ತಾರೆ. ದೇಶಕ್ಕೊಂದು ಹೆಸರು: ಬ್ರಿಟನ್‌ನಲ್ಲಿ ಗ್ರಾಜುಯೇಟ್ ವೀಸಾ, ಕೆನಡಾದಲ್ಲಿ ಪಿಜಿಡಬ್ಲ್ಯುಪಿ, ಅಮೆರಿಕದಲ್ಲಿ ಒಪಿಟಿ, ಆಸ್ಟ್ರೇಲಿಯಾದಲ್ಲಿ ಸಬ್‌ಕ್ಲಾಸ್ 485.

ಶುರು ಮಾಡುವ ಮುಂಚೆ ಎರಡು ಮಾತು. ಇಲ್ಲಿರುವ ಅಂಕಿಗಳು 2025ರ ಕೊನೆಯ ಹೊತ್ತಿನವು. ಈ ನಿಯಮಗಳು ವರ್ಷಕ್ಕೆ ಎರಡು ಮೂರು ಸಲ ಬದಲಾಗುತ್ತವೆ, ದುಡ್ಡು ಕಟ್ಟುವ ಮುಂಚೆ ಆಯಾ ದೇಶದ ಸರ್ಕಾರಿ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಎರಡನೆಯದು, ವೀಸಾ ಮತ್ತು ಸ್ಟೇಟಸ್ ಒಂದೇ ಅಲ್ಲ. ವೀಸಾ ಎಂದರೆ ಬಾಗಿಲು ದಾಟುವ ಅನುಮತಿ. ಒಳಗೆ ಇರುವ ಅನುಮತಿ ಬೇರೆ, ಅದೇ ಸ್ಟೇಟಸ್. ಅಮೆರಿಕದಲ್ಲಿ ಪಾಸ್‌ಪೋರ್ಟ್‌ಗೆ ಅಂಟಿಸಿದ ವೀಸಾದ ಅವಧಿ ಮುಗಿದರೂ ನಿಮ್ಮ ಸ್ಟೇಟಸ್ ಸರಿ ಇದ್ದರೆ ಓದು ಮುಂದುವರಿಸಬಹುದು. ಆದರೆ ದೇಶ ಬಿಟ್ಟು ಹೊರಗೆ ಹೋದರೆ ಮತ್ತೆ ಒಳಗೆ ಬರಲು ಹೊಸ ವೀಸಾ ಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ರಜೆಗೆ ಮನೆಗೆ ಹೋಗಿ ಸಿಕ್ಕಿಹಾಕಿಕೊಂಡವರು ಇದ್ದಾರೆ.

ಹಂತ 1: ಕೊನೆಯಿಂದ ಶುರು ಮಾಡಿ

ಮೊದಲು ಒಂದು ಹಾಳೆ ತೆಗೆದುಕೊಂಡು, ನೀವು ಯೋಚಿಸುತ್ತಿರುವ ದೇಶಗಳ ಎದುರು ಓದಿನ ನಂತರ ಸಿಗುವ ಕಾಲಾವಧಿ ಬರೆಯಿರಿ.

ಬ್ರಿಟನ್: ಬ್ಯಾಚುಲರ್ಸ್ ಅಥವಾ ಮಾಸ್ಟರ್ಸ್ ಮುಗಿಸಿದವರಿಗೆ 2 ವರ್ಷ, ಪಿಎಚ್‌ಡಿಗೆ 3 ವರ್ಷ. ಆದರೆ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 2 ವರ್ಷದ ಬದಲು 18 ತಿಂಗಳು ಮಾತ್ರ. ಪಿಎಚ್‌ಡಿಯವರಿಗೆ ಬದಲಾವಣೆ ಇಲ್ಲ. ಲೆಕ್ಕಕ್ಕೆ ಬರುವುದು ನೀವು ಕೋರ್ಸ್ ಸೇರಿದ ದಿನ ಅಲ್ಲ, ಗ್ರಾಜುಯೇಟ್ ವೀಸಾಕ್ಕೆ ಅರ್ಜಿ ಹಾಕಿದ ದಿನ. ಇದನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತೇನೆ.

ಕೆನಡಾ: 8 ತಿಂಗಳಿಗಿಂತ ಚಿಕ್ಕ ಕೋರ್ಸ್‌ಗೆ ಏನೂ ಇಲ್ಲ. 8 ತಿಂಗಳಿಂದ 2 ವರ್ಷದೊಳಗಿನ ಕೋರ್ಸ್‌ಗೆ, ಕೋರ್ಸ್ ಎಷ್ಟು ಉದ್ದವೋ ಅಷ್ಟೇ ಉದ್ದದ ಪರ್ಮಿಟ್. 2 ವರ್ಷ ಅಥವಾ ಜಾಸ್ತಿ ಇದ್ದರೆ 3 ವರ್ಷ. ಮಾಸ್ಟರ್ಸ್ ಪದವಿಗೆ ಮಾತ್ರ ರಿಯಾಯಿತಿ: ಕೋರ್ಸ್ ಒಂದೇ ವರ್ಷದ್ದಾದರೂ 3 ವರ್ಷ ಸಿಗಬಹುದು. ಈ ಪರ್ಮಿಟ್ ಜೀವನದಲ್ಲಿ ಒಂದೇ ಸಲ. ಚಿಕ್ಕ ಡಿಪ್ಲೊಮಾ ಮೇಲೆ ಅದನ್ನು ಖರ್ಚು ಮಾಡಿಕೊಂಡರೆ, ಆಮೇಲೆ ದೊಡ್ಡ ಪದವಿ ಮಾಡಿದರೂ ಇನ್ನೊಂದು ಸಿಗುವುದಿಲ್ಲ.

ಅಮೆರಿಕ: ಒಪಿಟಿ 12 ತಿಂಗಳು. ನಿಮ್ಮ ಪದವಿ ಸ್ಟೆಮ್ ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. ಸ್ಟೆಮ್ ಎಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ. ಒಟ್ಟು 3 ವರ್ಷ.

ಆಸ್ಟ್ರೇಲಿಯಾ: ಬ್ಯಾಚುಲರ್ಸ್ ಮತ್ತು ಕೋರ್ಸ್‌ವರ್ಕ್ (ತರಗತಿ ಪಾಠದ) ಮಾಸ್ಟರ್ಸ್‌ಗೆ ಸಾಮಾನ್ಯವಾಗಿ 2 ವರ್ಷ, ಸಂಶೋಧನಾ ಮಾಸ್ಟರ್ಸ್ ಮತ್ತು ಪಿಎಚ್‌ಡಿಗೆ 3 ವರ್ಷ. 2024ರ ಜುಲೈ 1ರಿಂದ ವಯಸ್ಸಿನ ಮಿತಿ 35 ವರ್ಷ. ಸಂಶೋಧನಾ ಪದವಿಯವರಿಗೆ 50. ಕೆಲವು ವರ್ಷ ಕೆಲಸ ಮಾಡಿ ಆಮೇಲೆ ಓದಲು ಹೊರಟವರು ಈ ಸಾಲನ್ನು ಎರಡು ಸಲ ಓದಿ. ಪದವಿ ಮುಗಿಯುವ ಹೊತ್ತಿಗೆ ನಿಮ್ಮ ವಯಸ್ಸು ಎಷ್ಟಾಗಿರುತ್ತದೆ ಎಂಬುದೇ ಮುಖ್ಯ, ಈಗ ಎಷ್ಟು ಎಂಬುದಲ್ಲ.

ಜರ್ಮನಿ: ಕೆಲಸ ಹುಡುಕಲು 18 ತಿಂಗಳ ರೆಸಿಡೆನ್ಸ್ ಪರ್ಮಿಟ್, ಆ ಅವಧಿಯಲ್ಲಿ ಯಾವ ಕೆಲಸ ಬೇಕಾದರೂ ಮಾಡಬಹುದು. ಐರ್ಲೆಂಡ್‌ನಲ್ಲಿ ಆನರ್ಸ್ ಪದವಿಗೆ 12 ತಿಂಗಳು, ಮಾಸ್ಟರ್ಸ್ ಮತ್ತು ಮೇಲಿನದಕ್ಕೆ 24 ತಿಂಗಳವರೆಗೆ. ನೆದರ್‌ಲ್ಯಾಂಡ್ಸ್‌ನ 'ಓರಿಯೆಂಟೇಶನ್ ಇಯರ್' ಒಂದು ವರ್ಷದ್ದು, ಆದರೆ ಪದವಿ ಸಿಕ್ಕ 3 ವರ್ಷದೊಳಗೆ ಯಾವಾಗ ಬೇಕಾದರೂ ಕೇಳಬಹುದು. ಇಷ್ಟು ಧಾರಾಳ ಕಡಿಮೆ ದೇಶಗಳಲ್ಲಿದೆ.

ಬರೀ ವರ್ಷಗಳನ್ನು ನೋಡಿ ದೇಶ ಆರಿಸಬೇಡಿ. ಈ ಅವಧಿ ಮುಗಿದ ಮೇಲೆ ಏನು ಎಂಬ ಕಾಲಂ ಕೂಡ ಆ ಹಾಳೆಯಲ್ಲಿ ಇರಲಿ. ಅದನ್ನು ಹಂತ 8ರಲ್ಲಿ ತುಂಬೋಣ.

ಹಂತ 2: ಕೋರ್ಸ್ ಮತ್ತು ಸಂಸ್ಥೆಗೆ ಅರ್ಹತೆ ಇದೆಯಾ ನೋಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. "ಕಾಲೇಜಿಗೆ ಸರ್ಕಾರದ ಮಾನ್ಯತೆ ಇದೆ" ಎಂದರೆ ಓದಿನ ನಂತರದ ವೀಸಾ ಸಿಗುತ್ತದೆ ಎಂದು ಅರ್ಥ ಅಲ್ಲ.

ಕೆನಡಾದಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬಹುದಾದ ಸಂಸ್ಥೆಗಳಿಗೆ ಡಿಎಲ್‌ಐ ಎನ್ನುತ್ತಾರೆ. ಡಿಎಲ್‌ಐ ಆಗಿರುವ ಎಷ್ಟೋ ಖಾಸಗಿ ಕಾಲೇಜುಗಳ ಕೋರ್ಸ್‌ಗಳಿಗೆ ಪಿಜಿಡಬ್ಲ್ಯುಪಿ ಸಿಗುವುದಿಲ್ಲ. ಸರ್ಕಾರಿ ಕಾಲೇಜಿನ ಪಠ್ಯವನ್ನು ಖಾಸಗಿ ಕಾಲೇಜಿನ ಕಟ್ಟಡದಲ್ಲಿ ಕಲಿಸುವ ಒಪ್ಪಂದದ ಕೋರ್ಸ್‌ಗಳಿವೆ ಅಲ್ವಾ, 2024ರ ಮೇ 15ರ ನಂತರ ಅವಕ್ಕೆ ಸೇರಿದವರಿಗೂ ಇಲ್ಲ. ಇಷ್ಟೇ ಅಲ್ಲ, 2024ರ ನವೆಂಬರ್ 1ರಿಂದ ಡಿಪ್ಲೊಮಾ, ಸರ್ಟಿಫಿಕೇಟ್ ಕೋರ್ಸ್‌ಗಳಿಗೆ ವಿಷಯದ ಪಟ್ಟಿಯೂ ಬಂದಿದೆ. ನಿಮ್ಮ ಕೋರ್ಸ್ ಆ ಪಟ್ಟಿಯಲ್ಲಿ ಇರಬೇಕು. ಬ್ಯಾಚುಲರ್ಸ್, ಮಾಸ್ಟರ್ಸ್, ಪಿಎಚ್‌ಡಿಗೆ ವಿಷಯದ ಪಟ್ಟಿ ಅನ್ವಯಿಸುವುದಿಲ್ಲ. ಏಜೆಂಟ್ ಹೇಳಿದರೆ ಸಾಲದು, ಸರ್ಕಾರದ ಪಟ್ಟಿಯಲ್ಲಿ ಸಂಸ್ಥೆಯ ಹೆಸರಿನ ಎದುರು ಏನು ಬರೆದಿದೆ ಎಂದು ನೀವೇ ನೋಡಿ.

ಅಮೆರಿಕಕ್ಕೆ ಹೊರಟವರು ಕೇಳಬೇಕಾದ ಒಂದೇ ಪ್ರಶ್ನೆ: "ಈ ಕೋರ್ಸ್‌ನ ಸಿಐಪಿ ಕೋಡ್ ಏನು?" ಪ್ರತಿ ಕೋರ್ಸ್‌ಗೂ ಆರು ಅಂಕಿಯ ಒಂದು ಕೋಡ್ ಇರುತ್ತದೆ, ಅದು ನಿಮ್ಮ ಐ-20 ಪತ್ರದಲ್ಲೂ ಅಚ್ಚಾಗಿರುತ್ತದೆ. ಐ-20 ಎಂದರೆ ವಿಶ್ವವಿದ್ಯಾಲಯ ಕೊಡುವ ಅರ್ಹತಾ ಪತ್ರ, ವೀಸಾಕ್ಕೆ ಅದೇ ಆಧಾರ. ಕೋರ್ಸ್‌ನ ಹೆಸರು ಏನೇ ಇರಲಿ, ಸ್ಟೆಮ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಈ ಕೋಡ್. ಒಂದು ಉದಾಹರಣೆ ನೋಡಿ. ಅರ್ಥಶಾಸ್ತ್ರದಲ್ಲಿ ಎರಡು ವಿಶ್ವವಿದ್ಯಾಲಯಗಳು ಬಹುತೇಕ ಒಂದೇ ಪಾಠ ಮಾಡುತ್ತಿರಬಹುದು. ಒಂದು ಕಡೆ ಕೋಡ್ 45.0601, ಅಂದರೆ ಸಾಮಾನ್ಯ ಅರ್ಥಶಾಸ್ತ್ರ. ಇನ್ನೊಂದು ಕಡೆ 45.0603, ಅಂದರೆ ಇಕಾನೊಮೆಟ್ರಿಕ್ಸ್. ಎರಡನೆಯದು ಸ್ಟೆಮ್ ಪಟ್ಟಿಯಲ್ಲಿದೆ, ಮೊದಲನೆಯದು ಇಲ್ಲ. ಕೊನೆಯ ಒಂದು ಅಂಕಿಯಲ್ಲಿ 24 ತಿಂಗಳ ವ್ಯತ್ಯಾಸ! ಎಂಬಿಎ ಕೂಡ ಹಾಗೆಯೇ. ಮಾಮೂಲಿ ಎಂಬಿಎ ಸ್ಟೆಮ್ ಅಲ್ಲ, ಆದರೆ ಮ್ಯಾನೇಜ್‌ಮೆಂಟ್ ಸೈನ್ಸ್ ಕೋಡ್ ಇರುವ ಎಂಬಿಎಗಳು ಸ್ಟೆಮ್ ಆಗುತ್ತವೆ. ಪ್ರವೇಶ ವಿಭಾಗಕ್ಕೆ ಒಂದು ಇಮೇಲ್ ಹಾಕಿ ಕೋಡ್ ಕೇಳಿ, ಉತ್ತರವನ್ನು ಉಳಿಸಿಟ್ಟುಕೊಳ್ಳಿ.

ಆಸ್ಟ್ರೇಲಿಯಾದ್ದು ಕಾಲದ ಲೆಕ್ಕ. ಕನಿಷ್ಠ 92 ವಾರಗಳ ನೋಂದಾಯಿತ ಓದು, ಅದೂ ಕನಿಷ್ಠ 16 ತಿಂಗಳು ಆ ದೇಶದಲ್ಲೇ ಇದ್ದು ಮುಗಿಸಿರಬೇಕು. "ಒಂದೇ ವರ್ಷದ ಮಾಸ್ಟರ್ಸ್, ದುಡ್ಡು ಉಳಿಯುತ್ತದೆ" ಎಂದು ಸೇರಿಕೊಂಡರೆ ಸಬ್‌ಕ್ಲಾಸ್ 485ಕ್ಕೆ ಅದೊಂದೇ ಸಾಕಾಗುವುದಿಲ್ಲ.

ಹಂತ 3: ಪಾಸ್‌ಪೋರ್ಟ್ ಎಷ್ಟು ವರ್ಷ ಬಾಕಿ ಇದೆ?

ಚಿಕ್ಕ ಕೆಲಸ, ಆದರೆ ಈಗಲೇ ಮಾಡಿ. ಕೆನಡಾ ಯಾವ ಪರ್ಮಿಟ್ಟನ್ನೂ ಪಾಸ್‌ಪೋರ್ಟ್ ಅವಧಿ ದಾಟಿ ಕೊಡುವುದಿಲ್ಲ. 3 ವರ್ಷದ ಪಿಜಿಡಬ್ಲ್ಯುಪಿಗೆ ಅರ್ಹತೆ ಇದ್ದು ಪಾಸ್‌ಪೋರ್ಟ್ 14 ತಿಂಗಳಲ್ಲಿ ಮುಗಿಯುವುದಿದ್ದರೆ, ಕೈಗೆ 14 ತಿಂಗಳ ಪರ್ಮಿಟ್ ಬರುತ್ತದೆ. ಪಾಸ್‌ಪೋರ್ಟ್ ನವೀಕರಿಸಿ ಉಳಿದ ಅವಧಿ ಕೇಳಬಹುದು ನಿಜ. ಆದರೆ ಹೊಸ ಅರ್ಜಿ, ಹೊಸ ಶುಲ್ಕ, ಮತ್ತೆ ಕಾಯುವುದು ಯಾಕೆ ಬೇಕು ಸುಮ್ನೆ? ಓದು ಮತ್ತು ನಂತರದ ಅವಧಿ ಎರಡನ್ನೂ ಕೂಡಿಸಿ, ಅಷ್ಟು ಬಾಕಿ ಇಲ್ಲದಿದ್ದರೆ ಹೊರಡುವ ಮೊದಲೇ ನವೀಕರಿಸಿ. ಪಾಸ್‌ಪೋರ್ಟ್‌ನಲ್ಲಿರುವ ಹೆಸರು ಅಂಕಪಟ್ಟಿಗಳ ಹೆಸರಿಗೆ ಅಕ್ಷರ ಅಕ್ಷರ ಹೊಂದುತ್ತದೆಯೇ ಎಂದೂ ಆಗಲೇ ನೋಡಿಬಿಡಿ.

ಹಂತ 4: ದುಡ್ಡು ತೋರಿಸುವುದು

ಎಲ್ಲ ದೇಶಗಳೂ ಕೇಳುವುದು ಒಂದೇ: ಫೀಸು ಕಟ್ಟಿ, ಕೂತು ಉಣ್ಣುವಷ್ಟು ಹಣ ಇದೆಯಾ? ಕೇಳುವ ರೀತಿ ಮಾತ್ರ ಬೇರೆ ಬೇರೆ.

ಜರ್ಮನಿಯದು ಎಲ್ಲಕ್ಕಿಂತ ಸರಳ. 'ಬ್ಲಾಕ್ಡ್ ಅಕೌಂಟ್' ಎಂಬ ಖಾತೆಗೆ ವರ್ಷಕ್ಕೆ 11,904 ಯೂರೊ ಹಾಕಬೇಕು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೊ ಮಾತ್ರ ಹೊರಗೆ ಬರುತ್ತದೆ. ಕೆನಡಾ ಮೊದಲ ವರ್ಷದ ಫೀಸು ಮತ್ತು ಪ್ರಯಾಣದ ಖರ್ಚು ಬಿಟ್ಟು ಒಬ್ಬರಿಗೆ 22,895 ಕೆನಡಾ ಡಾಲರ್ ಕೇಳುತ್ತದೆ. ಇದು ಕ್ವಿಬೆಕ್ ಬಿಟ್ಟು ಉಳಿದ ಪ್ರಾಂತ್ಯಗಳ ಲೆಕ್ಕ. ಆಸ್ಟ್ರೇಲಿಯಾದಲ್ಲಿ ಫೀಸು, ಪ್ರಯಾಣ ಬಿಟ್ಟು 29,710 ಆಸ್ಟ್ರೇಲಿಯಾ ಡಾಲರ್. ಅಮೆರಿಕದಲ್ಲಿ ಐ-20ಯಲ್ಲಿ ಬರೆದಿರುವ ಮೊದಲ ವರ್ಷದ ಒಟ್ಟು ಖರ್ಚಿಗೆ ಹಣದ ಮೂಲ ತೋರಿಸಬೇಕು.

ಬ್ರಿಟನ್‌ನ ನಿಯಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಒಂದು ದಿನದ ತಪ್ಪಿಗೆ ಅರ್ಜಿ ತಿರಸ್ಕಾರವಾಗುತ್ತದೆ. ಲಂಡನ್‌ನಲ್ಲಿ ಓದುವವರು ತಿಂಗಳಿಗೆ 1,529 ಪೌಂಡ್, ಹೊರಗಿನವರು 1,171 ಪೌಂಡ್, ಗರಿಷ್ಠ 9 ತಿಂಗಳಿಗೆ ತೋರಿಸಬೇಕು. ಅಂದರೆ ಲಂಡನ್ ಹೊರಗೆ 10,539 ಪೌಂಡ್, ಜೊತೆಗೆ ಮೊದಲ ವರ್ಷದ ಫೀಸಿನಲ್ಲಿ ಇನ್ನೂ ಕಟ್ಟದೆ ಉಳಿದಿರುವುದು. ಈ ಮೊತ್ತ ಖಾತೆಯಲ್ಲಿ ಸತತ 28 ದಿನ ಇರಬೇಕು. ಆ 28ನೇ ದಿನ, ಅರ್ಜಿ ಹಾಕಿದ ದಿನಕ್ಕಿಂತ 31 ದಿನಕ್ಕೂ ಹಿಂದಿನದಾಗಿರಬಾರದು. ಉದಾಹರಣೆಗೆ ಜುಲೈ 1ಕ್ಕೆ ಹಣ ಹಾಕಿದಿರಿ, ಜುಲೈ 28ಕ್ಕೆ 28 ದಿನ ಮುಗಿಯಿತು, ಅಂದೇ ಸ್ಟೇಟ್‌ಮೆಂಟ್ ತೆಗೆದಿರಿ. ಆಗಸ್ಟ್ 28ರೊಳಗೆ ಅರ್ಜಿ ಹೋಗಬೇಕು. ಮಧ್ಯೆ ಜುಲೈ 17ರಂದು ಬ್ಯಾಂಕ್ ಯಾವುದೋ ಚಿಲ್ಲರೆ ಶುಲ್ಕ ಕತ್ತರಿಸಿ ಮೊತ್ತ ಮಿತಿಗಿಂತ ಸ್ವಲ್ಪವೇ ಕೆಳಗಿಳಿದರೂ ಮುಗಿಯಿತು. ಎಣಿಕೆ ಮತ್ತೆ ಒಂದರಿಂದ. ನಾನೂ ಒಮ್ಮೆ ಹೀಗೇ ಕಾರ್ಡ್ ಶುಲ್ಕವೊಂದರಿಂದ ಇಡೀ ತಿಂಗಳು ಕಳೆದುಕೊಂಡಿದ್ದೇನೆ. ಆದ್ದರಿಂದ ಸರಿಯಾಗಿ ಬೇಕಾದಷ್ಟೇ ಇಡಬೇಡಿ, ವಿನಿಮಯ ದರದ ಏರಿಳಿತಕ್ಕೂ ಸೇರಿಸಿ ಸ್ವಲ್ಪ ಜಾಸ್ತಿಯೇ ಇಡಿ. ಆ ಖಾತೆಯ ಕಾರ್ಡನ್ನು ಅಲ್ಲಿಯವರೆಗೆ ಬೀರುವಿನಲ್ಲಿ ಇಟ್ಟುಬಿಡಿ.

ಹಣ ಅಪ್ಪ ಅಮ್ಮನ ಖಾತೆಯಲ್ಲಿದ್ದರೆ ಜನನ ಪ್ರಮಾಣಪತ್ರ ಮತ್ತು ಅವರ ಒಪ್ಪಿಗೆ ಪತ್ರ ಬೇಕು. ಚಿಕ್ಕಪ್ಪ, ಮಾವನ ಖಾತೆ ಬ್ರಿಟನ್‌ನಲ್ಲಿ ನಡೆಯುವುದಿಲ್ಲ. ಇನ್ನು ಯಾವ ದೇಶವೇ ಆಗಲಿ, ಅರ್ಜಿಗೆ ನಾಲ್ಕು ದಿನ ಮುಂಚೆ ದಿಢೀರನೆ ಬಂದು ಬಿದ್ದ ದೊಡ್ಡ ಮೊತ್ತ ಅನುಮಾನ ಹುಟ್ಟಿಸುತ್ತದೆ. ಜಮೀನು ಮಾರಿದ್ದೋ, ಠೇವಣಿ ಒಡೆದದ್ದೋ, ಅದರ ಕಾಗದ ಜೊತೆಗಿರಲಿ.

ಗುಪ್ತ ಖರ್ಚುಗಳನ್ನೂ ಈಗಲೇ ಬರೆದುಕೊಳ್ಳಿ. ಬ್ರಿಟನ್‌ನ ಸ್ಟೂಡೆಂಟ್ ವೀಸಾ ಶುಲ್ಕ 524 ಪೌಂಡ್, ಅದರ ಮೇಲೆ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್. ಮುಂದೆ ಗ್ರಾಜುಯೇಟ್ ವೀಸಾಕ್ಕೆ 880 ಪೌಂಡ್, ಸರ್‌ಚಾರ್ಜ್ ವರ್ಷಕ್ಕೆ 1,035. ಎರಡು ವರ್ಷಕ್ಕೆ ಒಟ್ಟು 2,950 ಪೌಂಡ್, ಅದೂ ಒಂದೇ ಕಂತಿನಲ್ಲಿ, ಕೈ ಖಾಲಿಯಾಗಿರುವ ಹೊತ್ತಿನಲ್ಲಿ. ಆಸ್ಟ್ರೇಲಿಯಾದ ಸ್ಟೂಡೆಂಟ್ ವೀಸಾ ಶುಲ್ಕವೇ 2,000 ಆಸ್ಟ್ರೇಲಿಯಾ ಡಾಲರ್, ತಿರಸ್ಕಾರವಾದರೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಹಂತ 5: ಅರ್ಜಿ

ಪ್ರತಿ ದೇಶಕ್ಕೂ ಒಂದು 'ತಾಯಿ ಕಾಗದ' ಇದೆ, ಅದು ಕೈಗೆ ಬರದೆ ವೀಸಾ ಅರ್ಜಿ ಹಾಕಲಾಗದು. ಬ್ರಿಟನ್‌ಗೆ ಕ್ಯಾಸ್, ಇದು ವಿಶ್ವವಿದ್ಯಾಲಯ ಕೊಡುವ ಒಂದು ಸಂಖ್ಯೆ. ಅಮೆರಿಕಕ್ಕೆ ಐ-20, ಆಸ್ಟ್ರೇಲಿಯಾಕ್ಕೆ ಸಿಒಇ, ಅಂದರೆ ಪ್ರವೇಶ ಖಚಿತಪಡಿಸುವ ಪತ್ರ. ಕೆನಡಾಕ್ಕೆ ಪ್ರವೇಶ ಪತ್ರದ ಜೊತೆ ಪ್ರಾಂತ್ಯ ಸರ್ಕಾರದ ದೃಢೀಕರಣ ಪತ್ರ, ಇದನ್ನು ಪಿಎಎಲ್ ಎನ್ನುತ್ತಾರೆ. 2026ರ ಜನವರಿ 1ರಿಂದ ಸರ್ಕಾರಿ ಸಂಸ್ಥೆಗಳಲ್ಲಿ ಮಾಸ್ಟರ್ಸ್, ಪಿಎಚ್‌ಡಿ ಮಾಡುವವರಿಗೆ ಪಿಎಎಲ್ ಬೇಡ. ಜರ್ಮನಿಗೆ ಭಾರತ, ಚೀನಾ, ವಿಯೆಟ್ನಾಂ ವಿದ್ಯಾರ್ಥಿಗಳು ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವನ್ನೂ ಮೊದಲೇ ಪಡೆಯಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಹಾಗಾಗಿ ಪ್ರವೇಶಕ್ಕೆ ಅರ್ಜಿ ಹಾಕುವ ಮುಂಚೆಯೇ ಕೈಗೆತ್ತಿಕೊಳ್ಳಿ.

ಸಮಯ: ಬ್ರಿಟನ್‌ಗೆ ಹೊರದೇಶದಿಂದ ಕೋರ್ಸ್ ಶುರುವಾಗುವ 6 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಅಮೆರಿಕದ ಎಫ್-1 ಸ್ಟೂಡೆಂಟ್ ವೀಸಾ 365 ದಿನ ಮುಂಚೆಯೇ ಸಿಗಬಹುದು, ಆದರೆ ದೇಶದ ಒಳಗೆ ಕಾಲಿಡುವುದು ಕೋರ್ಸ್‌ಗೆ 30 ದಿನ ಮುಂಚಿನಿಂದ ಮಾತ್ರ.

"ಓದಿದ ಮೇಲೆ ಕೆಲಸ ಮಾಡುವ ಆಸೆ ಇದೆ ಎಂದು ಹೇಳಬಹುದಾ?" ಇದೂ ಪದೇ ಪದೇ ಬರುವ ಪ್ರಶ್ನೆ. ಅಮೆರಿಕದ ಕಾನೂನಿನ ಸೆಕ್ಷನ್ 214(ಬಿ) ಪ್ರಕಾರ, ನೀವು ಅಲ್ಲೇ ನೆಲೆಸುವ ಉದ್ದೇಶದವರಲ್ಲ ಎಂದು ನೀವೇ ಅಧಿಕಾರಿಗೆ ಮನವರಿಕೆ ಮಾಡಬೇಕು. ಹೆಚ್ಚಿನ ತಿರಸ್ಕಾರಗಳು ಈ ಸೆಕ್ಷನ್‌ನಡಿಯೇ ಆಗುತ್ತವೆ. ಒಪಿಟಿ ಬಗ್ಗೆ ಕೇಳಿದರೆ ಸುಳ್ಳು ಹೇಳುವ ಅಗತ್ಯವಿಲ್ಲ, ಅದು ಕಾನೂನು ಕೊಟ್ಟಿರುವ ಅವಕಾಶ. ಆದರೆ ಈ ಕೋರ್ಸೇ ಯಾಕೆ, ಈ ವಿಶ್ವವಿದ್ಯಾಲಯವೇ ಯಾಕೆ ಎಂಬುದಕ್ಕೆ ನಿಮ್ಮ ಹತ್ತಿರ ನಿಮ್ಮದೇ ಉತ್ತರ ಇರಬೇಕು. ಬಾಯಿಪಾಠ ಮಾಡಿದ್ದು ಎರಡನೇ ಪ್ರಶ್ನೆಗೇ ಬಯಲಾಗುತ್ತದೆ. ಆಸ್ಟ್ರೇಲಿಯಾದಲ್ಲಿ 2024ರ ಮಾರ್ಚ್‌ನಿಂದ ಹಳೆಯ ಪ್ರಬಂಧದ ಬದಲು 'ಜೆನ್ಯುಯಿನ್ ಸ್ಟೂಡೆಂಟ್' ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ 150 ಪದಗಳೊಳಗೆ ಉತ್ತರ. ವಿಷಯಕ್ಕೆ ನೇರ ಬನ್ನಿ, ಹೊಗಳಿಕೆ ಬೇಡ.

ಏಜೆಂಟ್ ಮೂಲಕ ಹೋಗುವವರಿಗೆ ಒಂದು ಗಟ್ಟಿ ಮಾತು. ಫಾರ್ಮ್ ಯಾರೇ ತುಂಬಲಿ, ಅದರ ಕೆಳಗಿನ ಜವಾಬ್ದಾರಿ ನಿಮ್ಮದೇ. ಸಲ್ಲಿಸುವ ಮುಂಚೆ ಪೂರ್ತಿ ಪಿಡಿಎಫ್ ತರಿಸಿಕೊಂಡು ಸಾಲು ಸಾಲು ಓದಿ. ಹಿಂದೆ ಯಾವುದೋ ದೇಶ ವೀಸಾ ನಿರಾಕರಿಸಿದ್ದನ್ನು "ಇರಲಿ ಬಿಡಿ" ಎಂದು ಮುಚ್ಚಿಡುವ ಏಜೆಂಟ್‌ಗಳಿದ್ದಾರೆ. ತಪ್ಪು ಮಾಹಿತಿಗೆ ಕೆನಡಾದಲ್ಲಿ 5 ವರ್ಷ ನಿಷೇಧ, ಬ್ರಿಟನ್‌ನಲ್ಲಿ ವಂಚನೆಗೆ 10 ವರ್ಷದವರೆಗೆ. ನಕಲಿ ಪ್ರವೇಶ ಪತ್ರಗಳ ಹಗರಣದ ನಂತರ, 2023ರ ಡಿಸೆಂಬರ್ 1ರಿಂದ ಕೆನಡಾ ಪ್ರತಿ ಪ್ರವೇಶ ಪತ್ರವನ್ನೂ ಸಂಸ್ಥೆಯ ಹತ್ತಿರವೇ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದೆ. ನಿಮ್ಮ ಪತ್ರ ಅಸಲಿಯೇ ಎಂದು ನೀವೂ ಸಂಸ್ಥೆಗೆ ನೇರವಾಗಿ ಬರೆದು ಕೇಳಬಹುದು. ಯಾರೂ ತಪ್ಪು ತಿಳಿಯುವುದಿಲ್ಲ.

ಹಂತ 6: ಓದುವಾಗ ಸ್ಟೇಟಸ್ ಕೆಡಿಸಿಕೊಳ್ಳಬೇಡಿ

ತರಗತಿ ನಡೆಯುವ ಕಾಲದಲ್ಲಿ ಕೆಲಸದ ಮಿತಿ ಹೀಗಿದೆ. ಬ್ರಿಟನ್: ಪದವಿ ಮಟ್ಟದವರಿಗೆ ವಾರಕ್ಕೆ 20 ಗಂಟೆ. ಕೆನಡಾ: ಕ್ಯಾಂಪಸ್ ಹೊರಗೆ 24. ಆಸ್ಟ್ರೇಲಿಯಾ: ಎರಡು ವಾರಕ್ಕೆ 48. ಜರ್ಮನಿ: ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಅಮೆರಿಕ: ಕ್ಯಾಂಪಸ್ ಒಳಗೆ ಮಾತ್ರ, ವಾರಕ್ಕೆ 20.

ಬ್ರಿಟನ್‌ನ ವಾರ ಸೋಮವಾರದಿಂದ ಭಾನುವಾರ. ಈ ವಾರ 24, ಮುಂದಿನ ವಾರ 16 ಮಾಡಿ ಸರಾಸರಿ 20 ಎಂದರೆ ಒಪ್ಪುವುದಿಲ್ಲ. 24 ಮಾಡಿದ ವಾರವೇ ಉಲ್ಲಂಘನೆ. ಇನ್ನೂ ಮುಖ್ಯ, ಅಲ್ಲಿ ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ. ಸ್ವಂತ ಲೆಕ್ಕದಲ್ಲಿ ಡೆಲಿವರಿ ಆ್ಯಪ್ ಓಡಿಸುವುದು, ಫ್ರೀಲಾನ್ಸ್ ಡಿಸೈನ್ ಎಲ್ಲ ಇದರಲ್ಲಿ ಬರುತ್ತವೆ. "ಗೆಳೆಯನ ಹೆಸರಿನ ಖಾತೆಯಲ್ಲಿ ಓಡಿಸ್ತೀನಿ" ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಬೇಡ.

ಫುಲ್ ಟೈಮ್ ವಿದ್ಯಾರ್ಥಿಯಾಗಿ ಉಳಿಯುವುದು ಎರಡನೇ ವಿಷಯ. ಕೆನಡಾದಲ್ಲಿ ಕೊನೆಯ ಸೆಮಿಸ್ಟರ್ ಒಂದನ್ನು ಬಿಟ್ಟು ಮಧ್ಯೆ ಪಾರ್ಟ್ ಟೈಮ್ ಆದರೆ ಪಿಜಿಡಬ್ಲ್ಯುಪಿಯೇ ಕೈತಪ್ಪಬಹುದು. ಅಮೆರಿಕದಲ್ಲಿ ಒಂದು ವಿಷಯ ಕೈಬಿಡುವ ಮುಂಚೆ ಡಿಎಸ್‌ಒ ಅನುಮತಿ ಬೇಕು. ಡಿಎಸ್‌ಒ ಎಂದರೆ ವಿದೇಶಿ ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳುವ ವಿಶ್ವವಿದ್ಯಾಲಯದ ಅಧಿಕಾರಿ. ಮೊದಲ ವಾರದಲ್ಲೇ ಅವರ ಪರಿಚಯ ಮಾಡಿಕೊಳ್ಳಿ. ಅಲ್ಲೇ ಇನ್ನೊಂದು ಬಲೆ ಸಿಪಿಟಿ, ಅಂದರೆ ಪಠ್ಯದ ಭಾಗವಾಗಿ ಮಾಡುವ ಇಂಟರ್ನ್‌ಶಿಪ್. ಫುಲ್ ಟೈಮ್ ಸಿಪಿಟಿಯನ್ನು 12 ತಿಂಗಳು ಮಾಡಿದರೆ ಆ ಹಂತದ ಪದವಿಗೆ ಒಪಿಟಿ ಹೋಯಿತು. 11 ತಿಂಗಳಿಗೆ ನಿಲ್ಲಿಸಿದವರಿಗೆ ಪೂರ್ತಿ ಒಪಿಟಿ ಉಳಿಯುತ್ತದೆ.

ಹಂತ 7: ಕೊನೆಯ ಆರು ತಿಂಗಳು

ಗೋಡೆಗೆ ಕ್ಯಾಲೆಂಡರ್ ನೇತುಹಾಕಿ. ಇನ್ನು ಮುಂದೆ ಎಲ್ಲ ದಿನಾಂಕಗಳದೇ ಆಟ.

ಅಮೆರಿಕ. ಐ-20ಯಲ್ಲಿ ಕೋರ್ಸ್ ಮುಗಿಯುವ ದಿನ ಮೇ 15 ಎಂದಿಟ್ಟುಕೊಳ್ಳಿ. 90 ದಿನ ಮುಂಚೆ, ಫೆಬ್ರವರಿ 14ರಿಂದ ಒಪಿಟಿ ಅರ್ಜಿ ಹಾಕಬಹುದು. ಕೊನೆಯ ಗಡುವು 60 ದಿನ ನಂತರ, ಜುಲೈ 14. ಇವೆರಡರ ನಡುವೆ ಇನ್ನೊಂದು ಗಡುವು ಅಡಗಿದೆ: ಡಿಎಸ್‌ಒ ಶಿಫಾರಸು ದಾಖಲಿಸಿದ 30 ದಿನದೊಳಗೆ ಅರ್ಜಿ ಸರ್ಕಾರಕ್ಕೆ ಸೇರಬೇಕು. ಶಿಫಾರಸು ಪಡೆದು ಐದು ವಾರ ಸುಮ್ಮನಿದ್ದರೆ ಅರ್ಜಿ ತಿರಸ್ಕಾರ. ಒಪಿಟಿ ಶುರುವಾಗುವ ದಿನವನ್ನು ಮೇ 16ರಿಂದ ಜುಲೈ 14ರೊಳಗೆ ನೀವೇ ಆರಿಸಬಹುದು. ಕೆಲಸ ಇನ್ನೂ ಸಿಕ್ಕಿಲ್ಲವಾದರೆ ತಡದ ದಿನಾಂಕ ಒಳ್ಳೆಯದು, ಯಾಕೆಂದರೆ ಒಪಿಟಿ ಶುರುವಾದ ದಿನದಿಂದ ಕೆಲಸವಿಲ್ಲದ ದಿನಗಳ ಎಣಿಕೆ ಶುರು. ಒಟ್ಟು 90 ದಿನ ಮೀರುವಂತಿಲ್ಲ. ಸ್ಟೆಮ್ ಅವಧಿಯೂ ಸೇರಿದರೆ ಒಟ್ಟು 150. ಕೆಲಸದ ಅನುಮತಿ ಕಾರ್ಡ್ ಕೈಗೆ ಬರದೆ, ಅದರಲ್ಲಿನ ದಿನಾಂಕ ಬರದೆ ಒಂದು ಗಂಟೆಯೂ ಕೆಲಸ ಮಾಡಬೇಡಿ. ಸ್ಟೆಮ್ ವಿಸ್ತರಣೆಗೆ ಕಂಪನಿಯು ಇ-ವೆರಿಫೈ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಣಿಯಾಗಿರಬೇಕು. ಕೆಲಸ ಒಪ್ಪಿಕೊಳ್ಳುವಾಗಲೇ ಇದನ್ನು ಕೇಳಿ, ಒಂದು ವರ್ಷ ಆದ ಮೇಲೆ ಅಲ್ಲ.

ಬ್ರಿಟನ್. ಕೋರ್ಸ್ ಮುಗಿಯಿತು ಎಂದು ವಿಶ್ವವಿದ್ಯಾಲಯ ಹೋಮ್ ಆಫೀಸ್‌ಗೆ (ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ) ತಿಳಿಸಿದ ಮೇಲೆ, ಸ್ಟೂಡೆಂಟ್ ವೀಸಾ ಮುಗಿಯುವ ಮುಂಚೆ, ದೇಶದ ಒಳಗಿದ್ದುಕೊಂಡೇ ಅರ್ಜಿ ಹಾಕಬೇಕು. ಹಣ ತೋರಿಸುವ ಅಗತ್ಯ ಇಲ್ಲ, ಅದೊಂದು ನೆಮ್ಮದಿ. ಅರ್ಜಿ ಹಾಕಿ ಉತ್ತರ ಬರುವ ಮುಂಚೆ ದೇಶ ಬಿಟ್ಟು ಹೋದರೆ ಅರ್ಜಿ ವಾಪಸ್ ಪಡೆದಂತೆ ಲೆಕ್ಕ. ಈಗ ಆ 18 ತಿಂಗಳ ವಿಷಯ. 2025ರ ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಮಾಸ್ಟರ್ಸ್ ಸೇರಿದವರ ಓದು 2026ರ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ಫಲಿತಾಂಶ ನವೆಂಬರ್, ಡಿಸೆಂಬರ್ ಹೊತ್ತಿಗೆ ಬರಬಹುದು. ಡಿಸೆಂಬರ್ 31ರೊಳಗೆ ಅರ್ಜಿ ಹೋದರೆ 2 ವರ್ಷ, ಮರುದಿನ ಹೋದರೆ 18 ತಿಂಗಳು. ಡಿಸರ್ಟೇಶನ್‌ಗೆ "ಒಂದು ತಿಂಗಳು ಎಕ್ಸ್‌ಟೆನ್ಶನ್ ಕೇಳೋಣ" ಎಂದು ಹೊರಡುವ ಮುಂಚೆ, ಅದರ ಬೆಲೆ ಆರು ತಿಂಗಳ ವೀಸಾ ಆಗಬಹುದು ಎಂದು ನೆನಪಿಡಿ. ಫಲಿತಾಂಶ ಯಾವ ವಾರ ಹೋಮ್ ಆಫೀಸ್‌ಗೆ ಹೋಗುತ್ತದೆ ಎಂದು ವಿಶ್ವವಿದ್ಯಾಲಯವನ್ನು ಬೇಸಿಗೆಯಲ್ಲೇ ಕೇಳಿ.

ಕೆನಡಾ. ಓದು ಮುಗಿದ ಲಿಖಿತ ದೃಢೀಕರಣ ಬಂದ 180 ದಿನದೊಳಗೆ ಅರ್ಜಿ. ಆದರೆ ಸ್ಟಡಿ ಪರ್ಮಿಟ್ ಕೋರ್ಸ್ ಮುಗಿದ 90 ದಿನಕ್ಕೆ ಅಥವಾ ಅದರ ಮೇಲೆ ಬರೆದ ದಿನಾಂಕಕ್ಕೆ, ಯಾವುದು ಮೊದಲೋ ಆಗ ಮುಗಿಯುತ್ತದೆ. 180 ಎಂದು ನಂಬಿಕೊಂಡು ಕೂತವರು 91ನೇ ದಿನ ಸ್ಟೇಟಸ್ ಕಳೆದುಕೊಳ್ಳುತ್ತಾರೆ. ಪರ್ಮಿಟ್ ಜೀವಂತ ಇರುವಾಗಲೇ ಅರ್ಜಿ ಹಾಕಿದರೆ, ನಿಯಮಗಳನ್ನು ಪಾಲಿಸಿದವರು ಉತ್ತರ ಬರುವವರೆಗೆ ಫುಲ್ ಟೈಮ್ ಕೆಲಸ ಮಾಡುತ್ತಾ ಕಾಯಬಹುದು. ಭಾಷಾ ಪರೀಕ್ಷೆಯ ಫಲಿತಾಂಶವೂ ಬೇಕು: ವಿಶ್ವವಿದ್ಯಾಲಯದ ಪದವಿಗೆ ಸಿಎಲ್‌ಬಿ 7, ಕಾಲೇಜು ಕೋರ್ಸ್‌ಗೆ ಸಿಎಲ್‌ಬಿ 5. ಸಿಎಲ್‌ಬಿ ಎಂದರೆ ಕೆನಡಾದ ಭಾಷಾ ಮಟ್ಟದ ಅಳತೆ. ಓದಲು ಹೋಗುವಾಗ ಬರೆದ ಪರೀಕ್ಷೆಗೆ ಎರಡು ವರ್ಷವಾಗಿದ್ದರೆ ಮತ್ತೆ ಬರೆಯಬೇಕು.

ಆಸ್ಟ್ರೇಲಿಯಾ. ಕೋರ್ಸ್ ಮುಗಿದ 6 ತಿಂಗಳೊಳಗೆ. ಮುಗಿದ ದಿನ ಎಂದರೆ ಘಟಿಕೋತ್ಸವದ ದಿನ ಅಲ್ಲ, ಓದಿನ ಎಲ್ಲ ಅಗತ್ಯಗಳನ್ನು ಪೂರೈಸಿದಿರಿ ಎಂದು ವಿಶ್ವವಿದ್ಯಾಲಯ ಪತ್ರದಲ್ಲಿ ಬರೆದ ದಿನ. ಅರ್ಜಿಯ ಹಿಂದಿನ 12 ತಿಂಗಳೊಳಗಿನ ಇಂಗ್ಲಿಷ್ ಪರೀಕ್ಷೆ, ಆರೋಗ್ಯ ವಿಮೆ, ಆಸ್ಟ್ರೇಲಿಯಾ ಫೆಡರಲ್ ಪೊಲೀಸರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ ರಸೀದಿ ಮೊದಲೇ ಇರಲಿ. ಜರ್ಮನಿಯಲ್ಲಿ ಹಳೆಯ ಪರ್ಮಿಟ್ ಮುಗಿಯುವ ಮುಂಚೆ ಆ ಊರಿನ ವಿದೇಶಿಯರ ಕಚೇರಿಗೆ ಅರ್ಜಿ ಹಾಕಿದರೆ ಸಾಕು, ಆದರೆ ಅಪಾಯಿಂಟ್‌ಮೆಂಟ್ ಸಿಗಲು ವಾರಗಟ್ಟಲೆ ಆಗುತ್ತದೆ.

ಹಂತ 8: ಅದರ ಮುಂದೆ

ಓದಿನ ನಂತರದ ವೀಸಾ ಬಹುತೇಕ ಕಡೆ ವಿಸ್ತರಣೆಯಾಗುವುದಿಲ್ಲ. ಆದ್ದರಿಂದ ಮುಂದಿನ ಮೆಟ್ಟಿಲನ್ನು ಮೊದಲ ದಿನದಿಂದಲೇ ನೋಡುತ್ತಿರಿ.

ಅಮೆರಿಕದಲ್ಲಿ ಅದು ಎಚ್-1ಬಿ, ಅಂದರೆ ಕಂಪನಿ ಅರ್ಜಿ ಹಾಕಿ ಕೊಡಿಸುವ ಕೆಲಸದ ವೀಸಾ. ವರ್ಷಕ್ಕೆ 65,000, ಅಮೆರಿಕದ ಮಾಸ್ಟರ್ಸ್ ಅಥವಾ ಹೆಚ್ಚಿನ ಪದವಿ ಇರುವವರಿಗೆ ಇನ್ನೂ 20,000. ನೋಂದಣಿ ಮಾರ್ಚ್‌ನಲ್ಲಿ, ಕೆಲಸ ಶುರು ಅಕ್ಟೋಬರ್ 1ರಿಂದ. ಸ್ಟೆಮ್‌ನವರಿಗೆ ಸಾಮಾನ್ಯವಾಗಿ ಮೂರು ಮಾರ್ಚ್‌ಗಳು, ಅಂದರೆ ಮೂರು ಅವಕಾಶಗಳು ಸಿಗುತ್ತವೆ, ಉಳಿದವರಿಗೆ ಒಂದು. 2025ರ ಸೆಪ್ಟೆಂಬರ್ 21ರಿಂದ ದೇಶದ ಹೊರಗಿರುವವರ ಹೊಸ ಅರ್ಜಿಗೆ 1,00,000 ಡಾಲರ್ ಶುಲ್ಕ ಬಂದಿರುವುದರಿಂದ, ಒಳಗಿದ್ದು ಸ್ಟೇಟಸ್ ಬದಲಿಸಿಕೊಳ್ಳುವವರಿಗೂ ಹೊರಗೆ ಹೋದವರಿಗೂ ಅಜಗಜಾಂತರ ಆಗಿದೆ.

ಬ್ರಿಟನ್‌ನಲ್ಲಿ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್. ಗ್ರಾಜುಯೇಟ್ ವೀಸಾದಿಂದ ಬದಲಾಗುವವರು 'ನ್ಯೂ ಎಂಟ್ರಂಟ್' ಲೆಕ್ಕದಲ್ಲಿ 33,400 ಪೌಂಡ್‌ಗೂ ಅರ್ಹರಾಗಬಹುದು, ಆದರೆ ಆಯಾ ಕೆಲಸಕ್ಕೆ ನಿಗದಿಯಾದ ದರವನ್ನೂ ನೋಡುತ್ತಾರೆ. ಈ ರಿಯಾಯಿತಿ ಒಟ್ಟು 4 ವರ್ಷ, ಗ್ರಾಜುಯೇಟ್ ವೀಸಾದಲ್ಲಿ ಕಳೆದ ಕಾಲವೂ ಅದರಲ್ಲೇ ಸೇರುತ್ತದೆ. ಎರಡು ವರ್ಷ ಯಾವುದೋ ಕೆಲಸದಲ್ಲಿ ಕಳೆದು ಆಮೇಲೆ ವೀಸಾಕ್ಕೆ ಸ್ಪಾನ್ಸರ್ ಮಾಡುವ ಕಂಪನಿ ಹುಡುಕಿದರೆ ರಿಯಾಯಿತಿಯ ಅರ್ಧ ಆಗಲೇ ಖರ್ಚಾಗಿರುತ್ತದೆ.

ಕೆನಡಾದಲ್ಲಿ ಕಾಯಂ ವಾಸದ ಅರ್ಜಿಗೆ ಬೇಕಾದ ಒಂದು ವರ್ಷದ ನುರಿತ ಕೆಲಸದಲ್ಲಿ, ಫುಲ್ ಟೈಮ್ ಓದುತ್ತಿದ್ದಾಗ ಮಾಡಿದ್ದು ಸೇರುವುದಿಲ್ಲ. ಜರ್ಮನಿಯಲ್ಲಿ ಪದವಿ ಸಿಕ್ಕಿ 3 ವರ್ಷದೊಳಗಿನವರಿಗೆ ಬ್ಲೂ ಕಾರ್ಡ್‌ನ (ಪದವೀಧರರ ಕೆಲಸದ ಪರ್ಮಿಟ್) ಸಂಬಳದ ಮಿತಿ ಕಡಿಮೆ.

ಹಂತ 9: ವೀಸಾ ತಿರಸ್ಕಾರವಾದರೆ

ಅದೇ ದಿನ, ಅದೇ ಕಾಗದಗಳ ಜೊತೆ ಮತ್ತೆ ಅರ್ಜಿ ಹಾಕಬೇಡಿ. ಮೊದಲು ಪತ್ರದಲ್ಲಿ ಕಾರಣ ಏನು ಬರೆದಿದೆ ಓದಿ. ಬ್ರಿಟನ್‌ನಲ್ಲಿ ಅಧಿಕಾರಿ ತಪ್ಪು ಮಾಡಿದ್ದಾರೆ ಎನಿಸಿದರೆ ಮರುಪರಿಶೀಲನೆ ಕೇಳಬಹುದು: ಹೊರದೇಶದಿಂದ ಹಾಕಿದ ಅರ್ಜಿಗೆ 28 ದಿನದೊಳಗೆ, ಒಳಗಿನಿಂದ ಹಾಕಿದ್ದಕ್ಕೆ 14 ದಿನದೊಳಗೆ. ನಿಮ್ಮದೇ ಸ್ಟೇಟ್‌ಮೆಂಟ್‌ನಲ್ಲಿ 27 ದಿನ ಇದ್ದರೆ ಮರುಪರಿಶೀಲನೆಯಿಂದ ಏನೂ ಆಗದು, ಹೊಸ ಅರ್ಜಿಯೇ ದಾರಿ. ಅಮೆರಿಕದ 214(ಬಿ)ಗೆ ಮೇಲ್ಮನವಿ ಇಲ್ಲ, ಪರಿಸ್ಥಿತಿಯಲ್ಲಿ ಏನಾದರೂ ಬದಲಾಗಿದ್ದರೆ ಹೊಸ ಶುಲ್ಕ ಕಟ್ಟಿ ಮತ್ತೆ ಹೋಗಬಹುದು. ಜರ್ಮನಿಯಲ್ಲಿ ರಾಯಭಾರ ಕಚೇರಿಗೇ ಆಕ್ಷೇಪಣೆ ಬರೆಯುವ ಹಳೆಯ ಅವಕಾಶ 2025ರ ಜುಲೈ 1ರಿಂದ ರದ್ದಾಗಿದೆ. ಈಗ ಉಳಿದಿರುವುದು ಹೊಸ ಅರ್ಜಿ, ಇಲ್ಲವೇ ಕೋರ್ಟು.

ಮತ್ತೆ ಹಾಕುವ ಅರ್ಜಿಯಲ್ಲಿ "ಹಿಂದೆ ವೀಸಾ ನಿರಾಕರಣೆ ಆಗಿದೆಯೇ?" ಎಂಬ ಪ್ರಶ್ನೆ ಬಂದಾಗ ಹೌದು ಎಂದೇ ಬರೆಯಿರಿ. ಬೇರೆ ದೇಶದ ಅರ್ಜಿಯಾದರೂ ಅಷ್ಟೇ.